ಶೆಟಗೆವ್ವನ ದೀಪ

ಬಾಗಿಲಿನಿಂದ ಬಾಲ್ಕನಿಗೆ ಏಳು ಹೆಜ್ಜೆ, ಬಾಲ್ಕನಿಯಿಂದ ಬಾಗಿಲಿಗೆ ಮತ್ತೆ ಏಳು. ಎಂಟು ದಿನದಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಇದೇ ನನ್ನ ಕೆಲಸ. ಮೂವತ್ತೆರಡು ವರ್ಷ ಗುಳೇದಗುಡ್ಡದ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ "ಕೈ ಕಟ್ಟು, ಬಾಯಿ ಮುಚ್ಚು, ಸುಮ್ಮನೆ ಕೂಡು" ಎಂದು ಹೇಳಿ ಪಗಾರ ತೆಗೆದುಕೊಂಡವಳು ನಾನು, ಅನ್ನಪೂರ್ಣವ್ವ. ಈಗ ಜರ್ಮನಿಯ ಶ್ವೀಬರ್ಡಿಂಗೆನ್‌ನಲ್ಲಿ, ಮಗಳ ಮನೆಯ ಸಣ್ಣ ಕೋಣೆಯಲ್ಲಿ, ಯಾರೋ ನನ್ನನ್ನೇ ಬೆಂಚಿನ ಮೇಲೆ ನಿಲ್ಲಿಸಿದ ಹಾಗಾಗಿತ್ತು. ಗೋಡೆಯಾಚೆ ಮಗಳು ಭೂಮಿಕಾ, ಅವಳ ಮಗ್ಗುಲಲ್ಲಿ ಐದು ದಿನದ ಹೆಣ್ಣುಕೂಸು. ಆ ಕೂಸನ್ನು ನಾನಿನ್ನೂ ನೋಡಿರಲಿಲ್ಲ. ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಳು.

ಸುಳ್ಳು ಯಾಕೆ ಹೇಳಲಿ, ತಪ್ಪು ನನ್ನದು.

ಚೊಚ್ಚಲ ಬಾಣಂತನ ತವರಿನ ಹಕ್ಕು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳಿದ್ದಲ್ಲಿಗೆ ಹೋಗಬೇಕು. ಹಾಗಂತ ಎರಡು ಸಾವಿರದ ಇಪ್ಪತ್ತರ ಮಾರ್ಚ್ ಮೊದಲ ವಾರದಲ್ಲಿ ವಿಮಾನ ಹತ್ತಿ ಬಂದೆ. ಚೀಲದಲ್ಲಿ ಬಜಿ ಬೇರು, ಅಜವಾನ, ಒಣಕೊಬ್ಬರಿ, ಗುಳೇದಗುಡ್ಡದ ಎರಡು ಖಣ, ಒಂದು ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಬಾಣಂತಿಗೆಂದೇ ಕಟ್ಟಿದ ಅಂಟಿನ ಉಂಡಿ. ಬಂದ ಮಾರನೇ ದಿನವೇ ಶುರು ಹಚ್ಚಿಕೊಂಡೆ. ಏಳನೇ ತಿಂಗಳಲ್ಲಿ ಆಗಬೇಕಿದ್ದ ಕುಬುಸದ ಶಾಸ್ತ್ರ ಆಗಿಲ್ಲ, ಒಂಬತ್ತರಲ್ಲಾದರೂ ಮಾಡಲೇಬೇಕು ಅಂದೆ.

"ಯವ್ವಾ, ಸುದ್ದಿ ನೋಡೀಯಿಲ್ಲೋ? ವೈರಸ್ ಬಂದೇತಿ," ಅಂದಳು ಭೂಮಿಕಾ. "ಆಫೀಸ್‌ನ್ಯಾಗ ಎಲ್ಲಾರಿಗೂ ಹೋಮ್ ಆಫೀಸ್ ಕೊಟ್ಟಾರ. ಈಗ ಯಾರನ್ನೂ ಮನೀಗೆ ಕರಿಯೂದು ಬ್ಯಾಡ."

"ಐದು ಮಂದಿ ಮುತ್ತೈದೇರು ಬಂದು ಉಡಿ ತುಂಬಿದ್ರ ಮುಗೀತಲ್ಲ. ತಾಸಿನ ಕೆಲಸ. ನಮ್ಮ ಮನಿತನದಾಗ ಉಡಿ ತುಂಬಿಸ್ಕೊಳ್ಳದ ಯಾರ ಹಡದಾರ ಹೇಳು?"

ಮೂರು ದಿನ ಅವಳ ತಲೆ ತಿಂದೆ. ನಾಲ್ಕನೇ ದಿನ ಒಪ್ಪಿದಳು.

"ಐದ ಮಂದಿ ಅಷ್ಟ. ಆರನೇದಾಕಿ ಬಂದ್ರ ನಾ ಎದ್ದು ಹೋಗ್ತೀನಿ ನೋಡು."

ನಾನು ಆ ಐದರ ಲೆಕ್ಕಕ್ಕೆ ಬರುವವಳಲ್ಲ. ನನ್ನ ಯಜಮಾನರು ಶರಣಪ್ಪನವರು ತೀರಿಕೊಂಡು ಆರು ವರ್ಷ. ಅಕ್ಕಪಕ್ಕದ ನಮ್ಮ ಕಡೆಯವರೇ ನಾಲ್ವರು ಸಿಕ್ಕರು. ಐದನೆಯವಳು ಭೂಮಿಕಾಳ ಗೆಳತಿ ಹರಿಪ್ರಿಯಾ, ಬೆಂಗಳೂರಿನ ಹುಡುಗಿ, ಸ್ಟುಟ್‌ಗಾರ್ಟ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಕುಬುಸದ ದಿನ ಬೆಳಿಗ್ಗೆ ಅವಳ ಫೋನು ಬಂತು. ಭೂಮಿಕಾ ಸ್ನಾನಕ್ಕೆ ಹೋಗಿದ್ದಳು, ನಾನೇ ಎತ್ತಿಕೊಂಡೆ.

"ಆಂಟಿ, ಸಾರಿ. ಹೋದ ವಾರ ಆಸ್ಟ್ರಿಯಾಗೆ ಸ್ಕೀಯಿಂಗ್‌ಗೆ ಹೋಗಿದ್ವಲ್ಲ, ಅಲ್ಲಿಂದ ಬಂದಾಗ್ನಿಂದ ಗಂಟಲು ಒಂಥರಾ ಇದೆ. ನಾನು ಬರ್ದೇ ಇರೋದೇ ಒಳ್ಳೇದು ಅನ್ಸುತ್ತೆ."

"ನಾಕು ಮಂದಿ ಆಗಬಾರದವಾ, ನಾಕು ಮಂದಿ ಬೇಕಾಗೂದು ಬ್ಯಾರೆದಕ್ಕ. ಬಿಸಿನೀರು ಕುಡದು ಬಂದುಬಿಡು. ಹತ್ತು ನಿಮಿಷ ಕುಂತು ಹೋಗು."

ಹಿರಿಯಳು ಇಷ್ಟು ಅಂದ ಮೇಲೆ ಪಾಪ ಅವಳಾದರೂ ಹೇಗೆ ಇಲ್ಲ ಅಂದಾಳು? ಬಂದಳು. ಮಗಳಿಗೆ ಉಡಿ ತುಂಬಿದಳು, ನನ್ನ ಕೈಗೆ ಕೈ ತಾಗಿಸಿ ಕುಂಕುಮದ ಬಟ್ಟಲು ಇಸಿದುಕೊಂಡಳು, ಅಡುಗೆಮನೆಯಲ್ಲಿ ನನ್ನ ಪಕ್ಕದಲ್ಲೇ ನಿಂತು ಹೋಳಿಗೆ ತಿಂದಳು, ಎರಡು ಸಲ ಕೆಮ್ಮಿದಳು. ಆ ಫೋನಿನ ಮಾತನ್ನು ನಾನು ಭೂಮಿಕಾಗೆ ಹೇಳಲೇ ಇಲ್ಲ.

ನಾಲ್ಕೇ ದಿನಕ್ಕೆ ಹರಿಪ್ರಿಯಾಗೆ ಬೇನೆ ಇರುವುದು ಖಾತ್ರಿಯಾಯಿತು. ಅದೇ ದಿನ ನನಗೂ ಜ್ವರ ಬಂತು. ಇಲ್ಲಿಯ ಆರೋಗ್ಯ ಕಚೇರಿಯವರು ಫೋನು ಮಾಡಿ ಇಡೀ ಮನೆಗೇ ಹೊಸ್ತಿಲು ದಾಟಬೇಡಿ ಅಂದರು. ಮೂವರ ಮೂಗಿಗೂ ಕಡ್ಡಿ ಹಾಕಿ ನೋಡಿದರು. ಭೂಮಿಕಾಗೆ ಇಲ್ಲ, ಅಳಿಯ ಉದಯಕುಮಾರನಿಗೆ ಇಲ್ಲ, ನನಗೆ ಮಾತ್ರ ಇದೆ. ನನ್ನನ್ನು ಈ ಕೋಣೆಗೆ ಹಾಕಿ ಬಾಗಿಲು ಮುಚ್ಚಿದರು. ಮನೆಯಲ್ಲಿ ಎರಡು ಬಚ್ಚಲು ಇದ್ದದ್ದು ಒಂದು ಪುಣ್ಯ. ಬೇರೆ ಕಡೆ ಇರೋಣವೆಂದರೆ ಹೋಟೆಲುಗಳೆಲ್ಲ ಬಂದ್, ಬೇನೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ?

ಹರಿಪ್ರಿಯಾ ಅಳುತ್ತ ಭೂಮಿಕಾಗೆ ಮೆಸೇಜು ಹಾಕಿದ್ದಳು. "ನಾನು ಬರಲ್ಲ ಅಂದೆ ಕಣೇ, ಆಂಟಿ ಬಿಡಲಿಲ್ಲ" ಅಂತ. ಆ ಮೆಸೇಜನ್ನು ಭೂಮಿಕಾ ಬಾಗಿಲ ಆಚೆ ನಿಂತು ಗಟ್ಟಿಯಾಗಿ ಓದಿದಳು.

"ಇದು ಖರೇ ಏನಬೇ?"

"ಹೌದವ್ವಾ," ಅಂದೆ.

ಮುಂದೆ ಒಂದು ಮಾತಿಲ್ಲ. ಎರಡು ದಿನ ಕಳೆದ ಮೇಲೆ ಹೆರಿಗೆ ಬೇನೆ ಶುರುವಾಯಿತು. ಕ್ವಾರಂಟೈನಿನವನೆಂದು ಆಸ್ಪತ್ರೆಯವರು ಉದಯಕುಮಾರನನ್ನು ಒಳಗೆ ಬಿಡಲಿಲ್ಲ. ಹದಿನಾರು ತಾಸು ನನ್ನ ಮಗಳು ಪರದೇಶದಲ್ಲಿ, ಮುಖ ಕಾಣದಂತೆ ಮುಚ್ಚಿಕೊಂಡ ಮಂದಿಯ ನಡುವೆ, ಹಿಡಿದುಕೊಳ್ಳಲು ತನ್ನವರದೊಂದು ಕೈಯಿಲ್ಲದೆ ಹಡೆದಳು. ಬಾಣಂತನಕ್ಕೆ ಬಂದ ತಾಯಿ ಮಾಡಿದ ಉಪಕಾರ ಇದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮೂರನೇ ದಿನ ಕೂಸಿನೊಂದಿಗೆ ಮನೆಗೆ ಬಂದಳು. ಅವಳ ಮಲಗುವ ಕೋಣೆಯ ಕಿಟಕಿ ನನ್ನ ಬಾಲ್ಕನಿಯ ಪಕ್ಕಕ್ಕೇ ಇದೆ, ನಡುವೆ ಎರಡೇ ಮಾರು ದೂರ. ಗಾಜಿನ ಹಿಂದೆ ನಿಂತು ತೋರಿಸಿದ್ದರೂ ಸಾಕಿತ್ತು. ಬಂದವಳೇ ಆ ಕಿಟಕಿಯ ರೋಲಾಡೆನ್ ಇಳಿಸಿದಳು. ಅಂಗಡಿಯ ಶಟರಿನಂಥದ್ದೇ ಪಟ್ಟಿಯ ಪರದೆ ಅದು, ಇಲ್ಲಿ ಪ್ರತಿ ಕಿಟಕಿಗೂ ಇರುತ್ತದೆ. ಅದು ಗರಗರ ಇಳಿದು ಧಡ್ ಅಂತ ಕೂತ ಸದ್ದು ನನ್ನ ಎದೆಗೇ ಬಡಿಯಿತು. ಡಬ್ಬಿಯನ್ನು ಬಾಗಿಲಾಚೆ ಇಟ್ಟು, ಉಂಡಿ ತಿನ್ನಲು ಹೇಳಿ ಅಂದೆ. "ಆ ರೂಮಿಂದ ಏನೂ ಬ್ಯಾಡಂತರಿ ಅತ್ತಿ," ಎಂದು ಅಳಿಯ ತಲೆ ತಗ್ಗಿಸಿಕೊಂಡೇ ಹೇಳಿರಬೇಕು, ದನಿ ಹಾಗಿತ್ತು. ಆಸ್ಪತ್ರೆಯಲ್ಲಿ ದೂರದಿಂದ ತೆಗೆದ ಒಂದು ಫೋಟೋ ಮಾತ್ರ ಅವನು ಕದ್ದು ಕಳಿಸಿದ್ದ. ಅದರಲ್ಲಿ ಟೋಪಿಯೇ ಕಾಣುತ್ತದೆ ಹೊರತು ಕೂಸು ಕಾಣುವುದಿಲ್ಲ.

ಆ ದಿನಗಳಲ್ಲಿ ನನಗೆ ಹುಚ್ಚು ಹಿಡಿಯದಂತೆ ಕಾಪಾಡಿದ್ದು ಒಂದು ಸಪ್ಪಳ. ಕೆಳಗಿನಿಂದ ಪಟ ಪಟ ಪಟ. ಮೊದಲ ದಿನ ಕಿವಿ ನಂಬಲಿಲ್ಲ. ಎರಡು ಅಂಗೈ ನಡುವೆ ರೊಟ್ಟಿ ಬಡಿಯುವ ಸಪ್ಪಳ ನನಗೆ ಗೊತ್ತಾಗದೆ ಇರುತ್ತದೆಯೇ? ಈ ಊರಲ್ಲಿ ಯಾವ ಮಹಾತಾಯಿ ರೊಟ್ಟಿ ಬಡಿಯುತ್ತಿದ್ದಾಳೆ ಎಂದು ಬಾಲ್ಕನಿಯಿಂದ ಬಗ್ಗಿದೆ.

ನಮ್ಮದು ಮೊದಲ ಮಹಡಿ. ನೆಲಮಹಡಿಯವರಿಗೆ ಮುಂದಕ್ಕೆ ಚಾಚಿದ ಕಟ್ಟೆಯಿದೆ. ಅಲ್ಲಿ ಒಂದು ಕರೆಂಟಿನ ಒಲೆ, ಹೆಂಚು, ಅದರ ಮುಂದೆ ಕುಳ್ಳಗಿನ ಒಬ್ಬ ಮುದುಕಿ. ಎರಡು ಜಡೆಗೆ ಬಣ್ಣದ ಪಟ್ಟಿ ಹೆಣೆದಿದ್ದಾಳೆ, ಮೈಮೇಲೆ ಕೈಮಗ್ಗದ ಕುಪ್ಪಸ. ನೇಕಾರರ ಊರಿನವಳು ನಾನು, ಅಷ್ಟು ದೂರದಿಂದಲೂ ಅದು ಮಷೀನಿನ ಬಟ್ಟೆಯಲ್ಲವೆಂದು ಹೇಳಬಲ್ಲೆ. ಅವಳ ಮಗಳು ತೊಮಾಸಾಳನ್ನು ನಾನು ಬಂದ ವಾರದಲ್ಲೇ ಬಟ್ಟೆ ಒಗೆಯುವ ಕೋಣೆಯಲ್ಲಿ ಕಂಡಿದ್ದೆ. ಗ್ವಾಟೆಮಾಲಾದ ಗುಡ್ಡದ ಕಡೆಯವರು, ಮಾಯಾ ಜನ. ಪುಸ್ತಕದಲ್ಲಿ ಆ ಜನ ಎಂದೋ ಅಳಿದುಹೋದರು ಎಂಬಂತೆ ಓದಿದ್ದೆ. ಇಲ್ಲಿ ನೋಡಿದರೆ ಅವರಲ್ಲೊಬ್ಬಳು ನನಗಿಂತ ಮೊದಲೇ ಮಷೀನು ಹಿಡಿದು ನಿಂತಿದ್ದಳು.

ತೊಮಾಸಾ ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸದವಳು. ಅವ್ವನನ್ನು ನಾನ್ ಅಂತ ಕರೆಯುತ್ತಾಳೆ, ಅವರಲ್ಲಿ ದೊಡ್ಡವರಿಗೆ ಹಾಗೆ ಅನ್ನುವುದಂತೆ. ನಾನ್ ತನ್ನೂರಿನಲ್ಲಿ ಸೂಲಗಿತ್ತಿ. ಅದನ್ನು ಕೇಳಿ ನಾನು ಮೊದಲ ದಿನವೇ ಮೇಲಿನಿಂದ ಕೈ ಮುಗಿದೆ. ನಮ್ಮಿಬ್ಬರ ಮಾತು ತೊಮಾಸಾಳ ಮುರುಕು ಇಂಗ್ಲಿಷು, ನನ್ನ ಶಾಲೆಯ ಇಂಗ್ಲಿಷಿನ ಮೂಲಕ ಹೋಗಿ ಬರುತ್ತಿತ್ತು.

ಕೂಸು ಮನೆಗೆ ಬಂದ ದಿನ ತೊಮಾಸಾ ನಮ್ಮ ಬಾಗಿಲಲ್ಲಿ ಒಂದು ಪಾತ್ರೆ ಇಟ್ಟು ಗಂಟೆ ಬಾರಿಸಿ ಹೋದಳು. ಬಾಣಂತಿಗೆ ಕೋಳಿಯ ಸಾರು! ನನ್ನ ಅಳಿಯ ಅದನ್ನು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದ.

"ಅತ್ತಿ, ಕೋಳಿರಿ! ಏನ ಮಾಡ್ಲಿ?"

"ಶಿವನ! ಕೊರಳಾಗ ಲಿಂಗ ಕಟ್ಕೊಂಡು ನನ್ನ ಕೇಳ್ತೀರೇನ? ಮುಚ್ಚಿ ಹೊರಗ ಇಡ್ರಿ. ಚೆಲ್ಲಬ್ಯಾಡ್ರಿ ಮತ್ತ, ಒಬ್ಬ ಸೂಲಗಿತ್ತಿ ಕಳಿಸಿದ್ದು."

ನಾನು ಬಾಲ್ಕನಿಯಿಂದ ನಮ್ಮ ಸಂಗತಿ ಹೇಳಿದೆ. ನಾನ್ ಬಿದ್ದು ಬಿದ್ದು ನಕ್ಕಳು. ಸಂಜೆಗೆ ಕಪ್ಪು ಹುರುಳಿಯಂಥ ಕಾಳಿನ ಸಾರು, ಮೆಕ್ಕೆಜೋಳದ ಬಿಸಿ ರೊಟ್ಟಿ ಬಂದವು. ಭೂಮಿಕಾ ನಾಲ್ಕು ರೊಟ್ಟಿ ತಿಂದಳೆಂದು ಅಳಿಯ ಹೇಳಿದ. ನನ್ನ ಕೈಯ ಉಂಡಿ ಬೇಡ, ಯಾರದೋ ಕೈಯ ರೊಟ್ಟಿ ಬೇಕು. ಹೊಟ್ಟೆ ಉರಿಯಿತು. ಹಾಗೇ, ಉಂಡಳಲ್ಲ ಅಂತ ಹೊಟ್ಟೆ ತಣ್ಣಗೂ ಆಯಿತು.

ಆ ಮನೆಯಲ್ಲೊಂದು ವಿಚಿತ್ರ ಕಂಡೆ. ರೊಟ್ಟಿ ಬೇಯಿಸಿದ ಮೇಲೆ ನಾನ್ ತನ್ನ ತಟ್ಟೆ ಹಿಡಿದು ಕಟ್ಟೆಯ ಮೇಲೇ ಕೂರುತ್ತಾಳೆ. ತೊಮಾಸಾ ಒಳಗೆ, ಮುಚ್ಚಿದ ಗಾಜಿನ ಬಾಗಿಲ ಆಚೆ, ನೆಲದ ಮೇಲೆ. ಮಗಳು ಕೂತು ತುತ್ತು ಎತ್ತುವವರೆಗೂ ಅವ್ವ ಬಾಯಿಗೆ ಏನೂ ಹಾಕುವುದಿಲ್ಲ. ಒಂದು ದಿನ ಮಗಳು ಬರುವುದು ತಡವಾಗಿ, ಆ ಥಂಡಿಯಲ್ಲಿ ಮುದುಕಿ ಮುಕ್ಕಾಲು ತಾಸು ಕಾದಳು.

ಯಾಕೆ ಹೀಗೆ ಎಂದು ಕೇಳಿದೆ. "ನಾನು ದಿನಾ ವಯಸ್ಸಾದವರನ್ನು ಮುಟ್ಟುತ್ತೇನೆ. ರೋಗ ತಂದು ಅವ್ವನಿಗೆ ಹಚ್ಚಿದರೆ?" ಅಂದಳು ತೊಮಾಸಾ. "ಆದರೆ ನಮ್ಮಲ್ಲಿ ಅವ್ವನನ್ನು ಒಬ್ಬಳೇ ಉಣ್ಣಲು ಬಿಡುವುದಿಲ್ಲ. ಬೇರೆ ಕೋಣೆ ಹಿಡಿಯುತ್ತೇನೆ ಅಂದೆ, ಅವಳು ಕೇಳಲಿಲ್ಲ. ಒಲೆ ಒಂದೇ ಇದ್ದರೆ ಮನೆ ಒಂದೇ, ನಡುವೆ ಗಾಜಿದ್ದರೆ ಇರಲಿ ಅಂತಾಳೆ."

ಇನ್ನು ಐದನೇ ದಿನದ ಸಂಗತಿ. ನಮ್ಮ ಕಡೆ ಕೂಸು ಹುಟ್ಟಿದ ಐದನೇ ದಿನ ಶೆಟಗೆವ್ವ ಬಂದು ಹಣೆಬರಹ ಬರೆಯುತ್ತಾಳೆ. ತೊಟ್ಟಿಲ ಬಳಿ ಹಾಳೆ, ಪೆನ್ನು ಇಟ್ಟು ದೀಪ ಹಚ್ಚುತ್ತೇವೆ. ಆಮೇಲೆ ಆ ದೀಪವನ್ನು ಸೂಲಗಿತ್ತಿ ಮುಚ್ಚಿಕೊಂಡು ತನ್ನ ಮನೆಗೆ ಒಯ್ಯುತ್ತಾಳೆ. ಹೋಗುವ ದೀಪವನ್ನು ಮನೆಯವರು ನೋಡಬಾರದು, ನೋಡಿದರೆ ತಾಯಿ ಮಕ್ಕಳಲ್ಲಿ ಜಗಳ ಹತ್ತುತ್ತದೆ, ಜನ್ಮಕ್ಕೂ ಹರಿಯುವುದಿಲ್ಲ. ನಮ್ಮ ಓಣಿಯಲ್ಲಿ ಆ ದೀಪ ಹೊರಟರೆ ಮೀಸೆ ಹೊತ್ತ ಗಂಡಸರೂ ಮುಖ ತಿರುವಿ ನಿಲ್ಲುತ್ತಾರೆ. ಮಗ ಸಂತೋಷಕುಮಾರ ಹುಟ್ಟಿದಾಗ ಭೂಮಿಕಾಗೆ ನಾಲ್ಕು ವರ್ಷ. ಅವರಜ್ಜಿ ಅವಳ ಕಣ್ಣ ಮೇಲೆ ಅಂಗೈ ಮುಚ್ಚಿದ್ದರು. "ಹೋತೇನ? ಕಣ್ಣ ತಗೀಲೇನ?" ಎಂದು ಹತ್ತು ಸಲ ಕೇಳಿ ಮನೆಯವರನ್ನೆಲ್ಲ ನಗಿಸಿದ್ದಳು ಹುಡುಗಿ.

ಬೆಳಿಗ್ಗೆಯೇ ಉದಯಕುಮಾರನನ್ನು ಕರೆದೆ.

"ಇವತ್ತ ಐದನೇ ದಿನರಿ. ಒಂದು ದೀಪಾ, ಒಂದು ಹಾಳಿ, ಒಂದು ಪೆನ್ನು ಇಡ್ರಿ ಅಷ್ಟ. ಆಕೀಗೆ ಹೇಳ್ರಿ."

ಹೋಗಿ ಬಂದ.

"ಏನಂದ್ಲು?"

"ಬ್ಯಾಡ ಅಂದ್ಲರಿ."

"ಅಷ್ಟ ಅಂದಿಲ್ಲ ಆಕಿ. ನಾ ಹಡದೀನಿ ಆಕೀನ್ನ, ನನಗ ಗೊತ್ತೈತಿ. ಹೇಳ್ರಿ."

"ಹಣೇಬಾರ ಆಗ್ಲೇ ಐದು ಮಂದಿ ಬರದು ಹೋಗ್ಯಾರ ಅಂದ್ಲರಿ ಅತ್ತಿ."

ನಾನು ನೆಲದ ಮೇಲೆ ಕೂತುಬಿಟ್ಟೆ. ಜ್ವರ ಬಂದಾಗ ಅತ್ತಿರಲಿಲ್ಲ, ಗಂಡ ಹೋದಾಗಲೂ ಮಂದಿಯ ಮುಂದೆ ಅತ್ತವಳಲ್ಲ. ಅವತ್ತು ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಮಧ್ಯಾಹ್ನ ಕೂಸು ಅಳಲು ಶುರು ಮಾಡಿತು. ಹಸಿವಿನ ಅಳು ಬೇರೆ, ನಿದ್ದೆಯ ಅಳು ಬೇರೆ. ಇದು ಕಾಲು ಹೊಟ್ಟೆಗೆ ಮಡಚಿಕೊಂಡು, ತಡೆ ತಡೆದು, ಕಿರುಚಿ ಅಳುವ ಅಳು. ಹೊಟ್ಟೆ ಉಬ್ಬರ. ಇಲ್ಲಿಯ ಸೂಲಗಿತ್ತಿ ಕ್ವಾರಂಟೈನಿನ ಮನೆಯೊಳಗೆ ಬರುವಂತಿಲ್ಲ, ವಿಡಿಯೋದಲ್ಲಿ ಏನೋ ಹೇಳುತ್ತಿದ್ದಳು. ಅರ್ಧ ತಾಸು, ಒಂದು ತಾಸು. ಭೂಮಿಕಾ ಕೂಡ ಅಳುವುದು ಕೇಳಿಸಿತು. ನನಗೆ ಜ್ವರ ಬಿಟ್ಟು ಮೂರು ದಿನವಾಗಿತ್ತು. ಮೂಗು ಬಾಯಿ ಕಟ್ಟಿಕೊಂಡು, ಕೈ ತೊಳೆದುಕೊಂಡು, ಎರಡೇ ನಿಮಿಷ ಹೋಗಿ ಬಂದರೆ ಯಾರಿಗೆ ಏನಾಗುತ್ತದೆ? ಎದ್ದೆ, ಬಾಗಿಲ ಹಿಡಿಕೆಗೆ ಕೈ ಹಾಕಿದೆ.

ಹತ್ತು ನಿಮಿಷ ಸಾಕು, ಬಂದು ಹೋಗು. ಹರಿಪ್ರಿಯಾಗೂ ಇದನ್ನೇ ಅಂದಿದ್ದೆನಲ್ಲ!

ಕೈ ತೆಗೆದೆ. ಆ ಮುದುಕಿ ಥಂಡಿಯಲ್ಲಿ ತಟ್ಟೆ ಹಿಡಿದು ಕೂತದ್ದು ಕಣ್ಣ ಮುಂದೆ ಬಂತು. ಅವಳು ಗಾಜು ತಟ್ಟಲಿಲ್ಲ, ಬಾಗಿಲು ಸರಿಸಲಿಲ್ಲ, ಎದ್ದು ದೂರವೂ ಹೋಗಲಿಲ್ಲ. ನಾನು ಬಾಗಿಲಿಗೆ ಬೆನ್ನು ಹಚ್ಚಿ ಕೂತು ಕ್ಲಾಸಿನಲ್ಲಿ ಕೂಗುವ ದನಿಯಲ್ಲಿ ಕೂಗಿದೆ.

"ಉದಯಪ್ಪಾ! ಅಡಿಗಿಮನ್ಯಾಗ ನಾ ತಂದ ಅಜವಾನ ಐತಿ. ಒಂದು ಮುಷ್ಟಿ ಹೆಂಚಿನ ಮ್ಯಾಲೆ ಹಾಕ್ರಿ. ವಾಸನಿ ಬರೂಮಟ ಹುರೀರಿ, ಹೊತ್ತಿಸಬ್ಯಾಡ್ರಿ!"

"ಆತರಿ. ಮುಂದ?"

"ಮೆತ್ತಗಿನ ಅರಿವ್ಯಾಗ ಗಂಟು ಕಟ್ರಿ. ಮೊದ್ಲ ನಿಮ್ಮ ಕೆನ್ನಿಗೆ ಹಚ್ಚಿ ನೋಡ್ರಿ. ನಿಮಗ ಹಿತ ಅನಿಸಬೇಕು. ಹಂಗ ಅನಿಸಿದ ಮ್ಯಾಲೂ ಸ್ವಲ್ಪ ಆರಿಸಿ ಕೂಸಿನ ಹೊಟ್ಟಿ ಮ್ಯಾಲೆ, ಹೊಕ್ಕಳ ಬಿಟ್ಟು, ಮೆತ್ತಗ ಒತ್ರಿ. ಭೂಮೀಗೆ ಹೇಳ್ರಿ, ಕೂಸಿನ ಮಣಕಾಲ ಹಿಡದು ಹೊಟ್ಟಿಗೆ ತರಲಿ, ಬಿಡಲಿ, ತರಲಿ, ಬಿಡಲಿ."

"ತರಲಿ, ಬಿಡಲಿ," ಎಂದು ನಾನು ಹೇಳುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಒಂದು ಸಣ್ಣ ಸದ್ದು, ಆಮೇಲೆ ಅಳಿಯನ ನಗು. ಕೂಸು ಸುಮ್ಮನಾಯಿತು. ಭೂಮಿಕಾ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ನನಗೆ ಅಷ್ಟೇ ಸಾಕಾಯಿತು.

ಸಂಜೆ ಐದೂವರೆಗೆ ನಾನು ನಿರ್ಧಾರ ಮಾಡಿದ್ದೆ. ತೊಟ್ಟಿಲ ಬಳಿ ದೀಪ ಬೇಡವಾದರೆ ಬೇಡ. ಗೋಡೆ ಒಂದೇ ಇದೆ, ನನ್ನ ಕಡೆಯಿಂದ ಹಚ್ಚುತ್ತೇನೆ. ವಾಪಸು ಬಂದ ಉಂಡಿಗಳನ್ನು ಕಾಗದದ ಮೇಲೆ ಸುರಿದು, ಡಬ್ಬಿಯನ್ನು ಸೋಪು ಹಾಕಿ ಬಿಸಿನೀರಲ್ಲಿ ಮೂರು ಸಲ ತೊಳೆದೆ. ಪೂಜೆಗೆ ತಂದಿದ್ದ ಹಿತ್ತಾಳೆಯ ಹಣತೆಗೆ ಎಣ್ಣೆ, ಬತ್ತಿ ಹಾಕಿ ಗೋಡೆಯ ಬುಡದಲ್ಲಿ ಹಚ್ಚಿಟ್ಟೆ. ಪಕ್ಕದಲ್ಲಿ ಬಿಳಿಹಾಳೆ, ಪೆನ್ನು. ತಾಯೀ, ನನ್ನ ತಪ್ಪನ್ನು ಈ ಕೂಸಿನ ಹಣೆಯಲ್ಲಿ ಬರೆಯಬೇಡ, ಬರೆಯುವುದಿದ್ದರೆ ನನ್ನ ಹಣೆಯಲ್ಲಿ ಇನ್ನೂ ಜಾಗವಿದೆ ಅಂದೆ.

ಬಾಲ್ಕನಿಗೆ ಬಂದು ತೊಮಾಸಾಳನ್ನು ಕರೆದು ವಿಷಯ ಹೇಳಿದೆ. ಅವಳು ಗಾಜಿನ ಆಚೆಯಿಂದ ಅವ್ವನಿಗೆ ಹೇಳಿದಳು. ನಾನ್ ಬಹಳ ಹೊತ್ತು ತಲೆ ಆಡಿಸಿದಳು, ನಗಲಿಲ್ಲ. ಪಾತ್ರೆ ತೊಳೆಯುವ ಹಳದಿ ರಬ್ಬರ್ ಕೈಗವಸು ಹಾಕಿಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಎರಡೂ ಕೈ ಮೇಲೆ ಚಾಚಿ ನಿಂತಳು.

ದೀಪವನ್ನು ಡಬ್ಬಿಯ ತಳದಲ್ಲಿಟ್ಟು, ಗಾಳಿಯಾಡುವಷ್ಟು ಬಿಟ್ಟು ತಟ್ಟೆ ಮುಚ್ಚಿದೆ. ಡಬ್ಬಿಯ ಹಿಡಿಕೆಗೆ ಇಳಕಲ್ ಸೀರೆಯ ತುದಿ ಬಿಗಿದೆ. ಕಟಕಟೆಯಾಚೆ ಎತ್ತಿ ಹಿಡಿದು, ನಾನೂ ನೋಡಬಾರದಲ್ಲ, ಮುಖ ಪಕ್ಕಕ್ಕೆ ತಿರುಗಿಸಿ ಸೀರೆ ಸಡಿಲಿಸುತ್ತ ಹೋದೆ.

ಮುಖ ತಿರುಗಿಸಿದ್ದು ಮಗಳ ಕಿಟಕಿಯ ಕಡೆಗೆ. ಡಬ್ಬಿ ಅರ್ಧ ಇಳಿದಿರಬೇಕು, ಆಗ ಆ ರೋಲಾಡೆನ್ ಗರಗರ ಅಂತ ಏಳತೊಡಗಿತು.

ನನ್ನ ಜೀವವೇ ಹೋಯಿತು. ಇಳಿದಾಗಿನಿಂದ ಏಳದ್ದು ಈಗಲೇ ಏಳಬೇಕೇ! ಸೀರೆ ಬಿಟ್ಟರೆ ದೀಪ ಮುದುಕಿಯ ತಲೆಯ ಮೇಲೆ, ಬಿಡದಿದ್ದರೆ ಮಗಳ ಕಣ್ಣಿಗೆ. ಇರುವ ಜಗಳವೇ ಸಾಲದೆ ಇನ್ನು ಜನ್ಮದ ಜಗಳ.

"ನೋಡಬ್ಯಾಡ ಭೂಮೀ! ದೀಪಾ ಹೊಂಟೇತಿ, ನೋಡಬ್ಯಾಡ!" ಎಂದು ಕಿರುಚಿದೆ.

ರೋಲಾಡೆನ್ ಪೂರ್ತಿ ಮೇಲೆ ಹೋಯಿತು. ಗಾಜಿನ ಕದ ಒಂದಿಷ್ಟು ಓರೆಯಾಗಿ ತೆರೆದಿತ್ತು. ಭೂಮಿಕಾ ಅಲ್ಲಿ ನಿಂತಿದ್ದಳು. ತಲೆಗೆ ಬಾಣಂತಿಯ ಹಾಗೆ ಬಟ್ಟೆ ಕಟ್ಟಿಕೊಂಡಿದ್ದಳು, ನಾನು ಹೇಳಿರಲಿಲ್ಲ. ಎಡತೋಳಿನಲ್ಲಿ ಕೂಸು. ಬಲಗೈ ಅಂಗೈಯನ್ನು ಕೂಸಿನ ಕಣ್ಣ ಮೇಲೆ ಮುಚ್ಚಿ ಹಿಡಿದಿದ್ದಳು. ಅವಳ ಕಣ್ಣೂ ಮುಚ್ಚಿದ್ದವು, ನಾಲ್ಕು ವರ್ಷದವಳ ಹಾಗೆ, ಮೂಗು ಸುಕ್ಕಾಗುವಷ್ಟು ಬಿಗಿಯಾಗಿ.

ಕೆಳಗೆ ಸೀರೆ ಹಗುರಾಯಿತು. ನಾನ್ ಏನೋ ಅಂದಳು, ಗಾಜಿನ ಬಾಗಿಲು ಸರಿದು ಮುಚ್ಚಿದ ಸದ್ದು ಬಂತು.

"ಹೋತೇನಬೇ?" ಅಂದಳು ನನ್ನ ಮಗಳು. "ಕಣ್ಣ ತಗೀಲೇನ?"

ಹಗುರಾದ ಸೀರೆಯನ್ನು ಕಟಕಟೆಯ ಮೇಲಕ್ಕೆ ಎಳೆದುಕೊಂಡೆ.

"ಹೋತವ್ವಾ," ಅಂದೆ. "ತಗಿ."

ಅವಳು ಮೊದಲು ಕೂಸಿನ ಮುಖದ ಮೇಲಿಂದ ಕೈ ತೆಗೆದಳು.